ಬೋರ್ಮದಿಂದ ವಿದ್ಯುತ್ ಓವನ್ನಿಗೆ

ಹಿನ್ನೀರಿನ ಹೂಳನ್ನೆತ್ತಿ ಹಡಗುಗಳಿಗೆ ಹಾದಿ ಮಾಡಿಕೊಟ್ಟು, ಎತ್ತಿದ ಮಣ್ಣಿನಿಂದಲೇ ವಿಲ್ಲಿಂಗ್ಡನ್ ಐಲ್ಯಾಂಡ್ ಎಂಬ ದ್ವೀಪವನ್ನು ನಿರ್ಮಿಸಿದ ಕೀರ್ತಿಯು 1920ರಲ್ಲಿ ಕೊಚ್ಚಿಗೆ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋಗೆ ಸಲ್ಲತಕ್ಕದ್ದು. ಆದರೆ ಈ ಕರಾವಳಿಯ ಬೇಕರಿ ವೃತ್ತಿಯು ಆ ದ್ವೀಪಕ್ಕಿಂತಲೂ ಹಳೆಯದು. ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆಯನ್ನು ತೆರೆದರು. ಅವರ ವಂಶಸ್ಥರು ಕಾಲಕ್ರಮೇಣ ಕೊಚ್ಚಿ, ತಿರುವನಂತಪುರಗಳಿಗೂ ಆ ವಿದ್ಯೆಯನ್ನು ಕೊಂಡೊಯ್ದರು.

ಅಂದಿನ ಒಲೆಗೆ ಬೋರ್ಮವೆಂದು ಹೆಸರು. ಇಟ್ಟಿಗೆಯ ಕಮಾನಿನೊಳಗೆ ಸೌದೆಯನ್ನುರಿಸಿ, ಕೆಂಡವನ್ನು ಹೊರಗೆಳೆದು, ನೆಲವನ್ನು ಒದ್ದೆಗೋಣಿಯಿಂದ ಒರೆಸಿ, ಗೋಡೆಯಲ್ಲಿ ಸಂಚಯವಾದ ಶಾಖದ ಬಲದಿಂದಲೇ ಉದ್ದ ಹಿಡಿಯ ಹಲಗೆಯ ಮೇಲೆ ಒಳಗಿಟ್ಟ ರೊಟ್ಟಿಯನ್ನು ಬೇಯಿಸುವ ಆ ಕ್ರಮದಲ್ಲಿ ಉಷ್ಣಮಾಪಕವೆಂದರೆ ಬೇಯಿಸುವವನ ಕೈಯೇ.

ತಿರುವಾಂಕೂರಿನಲ್ಲಿ ಪಳ್ಳಿವಾಸಲ್ ಜಲವಿದ್ಯುತ್ತು 1940ರಲ್ಲಿ ಹರಿಯತೊಡಗಿದರೂ ಮನೆಯ ಒಲೆ ಬಹುಕಾಲ ಸೌದೆಯನ್ನೇ ನಂಬಿತ್ತು. ಇಂದು ಕಪಾಟಿನಲ್ಲಿ ಹುದುಗಿ ಕುಳಿತ ವಿದ್ಯುತ್ ಓವನ್ ಬೋರ್ಮದ ಅನುಭವವನ್ನು ಥರ್ಮೋಸ್ಟಾಟಿಗೆ ಒಪ್ಪಿಸಿದೆ. ಮುಂಚಿತವಾಗಿ ಕಾಯಿಸಬೇಕೆಂಬ ನಿಯಮ ಮಾತ್ರ ಹಳೆಯದೇ. ಬೇಯುವಾಗ ಬಾಗಿಲನ್ನು ಪದೇ ಪದೇ ತೆರೆಯುವ ಕುತೂಹಲವು ಕೇಕಿಗೆ ಶತ್ರು. 3000 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಸೆಳೆಯುವುದರಿಂದ, ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್, ಹಿಂಬದಿಯಲ್ಲಿ ಗಾಳಿಯಾಡುವ ತೆರಪು ಇವಿಲ್ಲದೆ ಅದನ್ನು ಹಚ್ಚಲೇಕೂಡದು. ಉಪ್ಪುಗಾಳಿಯ ಊರಿನವರು ವರ್ಷಕ್ಕೊಮ್ಮೆಯಾದರೂ ಬಲ್ಲ ಎಲೆಕ್ಟ್ರೀಷಿಯನ್ನನಿಂದ ಅದರ ಸಂಪರ್ಕಗಳನ್ನು ಪರೀಕ್ಷಿಸಿಕೊಳ್ಳತಕ್ಕದ್ದು.