ಅಧಿಕಾರವೆಂಬ ಅಮಾನತ್ತು: ಆಳುವವನು ಅಸ್ವಸ್ಥನಾದಾಗ

ಅಧಿಕಾರವು ಯಾರೊಬ್ಬರ ಸ್ವಂತ ಸೊತ್ತಲ್ಲ, ಅದು ಅಮಾನತ್ತು ಎಂಬ ಮಾತನ್ನು ನಾವು ಮಿಂಬರ್‌ಗಳಿಂದ ಮತ್ತೆ ಮತ್ತೆ ಕೇಳುತ್ತೇವೆ. ಅಮಾನತ್ತಿಗೆ ದ್ರೋಹ ಬಗೆದ ಆಡಳಿತಗಾರನ ವಿಷಯವಾಗಿ ಹೇಳುವುದಕ್ಕೆ ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಆದರೆ ಯಾವ ದ್ರೋಹವನ್ನೂ ಬಗೆಯದೆ, ಕೇವಲ ರೋಗದ ಕಾರಣದಿಂದ ಅದನ್ನು ಹೊರಲಾರದವನಾದರೆ? ಅವನ ಬುದ್ಧಿ ಮಸುಕಾದರೆ, ತಾನು ಸಹಿ ಹಾಕುತ್ತಿರುವ ಕಾಗದದಲ್ಲಿ ಏನಿದೆಯೆಂದು ಅವನಿಗೇ ತಿಳಿಯದಾದರೆ? ಆಗ ಅವನು ಅಸಮರ್ಥನೆಂದು ಹೇಳುವ ಹಕ್ಕು ಯಾರದು? ವೈದ್ಯನದೋ, ವಿದ್ವಾಂಸನದೋ, ಸೇನಾಪತಿಯದೋ, ಅಥವಾ ಪ್ರಜಾಪ್ರತಿನಿಧಿಗಳದೋ? ಮುಸ್ಲಿಮ್ ನಾಡುಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಹಲವು ಬಾರಿ ಎದುರಾಗಿದೆ. ಅದಕ್ಕೆ ದೊರೆತ ಉತ್ತರಗಳಲ್ಲಿ ಕೆಲವು ನಮಗೆ ಮಾದರಿಯಾಗಿವೆ, ಕೆಲವು ಎಚ್ಚರಿಕೆಯಾಗಿವೆ.

ಮೊದಲು ಒಂದು ಮೂಲತತ್ವವನ್ನು ನೆನಪಿಸಿಕೊಳ್ಳೋಣ. ಹಝ್ರತ್ ಅಬೂ ಝರ್ ಗಿಫಾರಿ(ರ)ರವರು ಪ್ರವಾದಿ(ಸ)ರ ಆಪ್ತ ಸಹಾಬಿಗಳಲ್ಲಿ ಒಬ್ಬರು. ಸತ್ಯನಿಷ್ಠೆಗೆ ಹೆಸರಾದವರು. ಅವರು ತಮಗೊಂದು ಅಧಿಕಾರದ ಹೊಣೆಯನ್ನು ಕೇಳಿದಾಗ ಪ್ರವಾದಿ(ಸ)ರು ಅದನ್ನು ಕೊಡಲಿಲ್ಲ. ಅವರು ಈ ಕಾರ್ಯಕ್ಕೆ ದುರ್ಬಲರೆಂದೂ, ಅಧಿಕಾರವು ಅಮಾನತ್ತೆಂದೂ ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಇದರಿಂದ ಅಬೂ ಝರ್(ರ)ರ ಈಮಾನಿಗಾಗಲಿ ಗೌರವಕ್ಕಾಗಲಿ ಯಾವ ಕುಂದೂ ಬರಲಿಲ್ಲ. ಅಂದರೆ ಅಸಾಮರ್ಥ್ಯವು ಪಾಪವಲ್ಲ. ಹೊಣೆಯಿಂದ ಬಿಡುಗಡೆ ಮಾಡುವುದು ಶಿಕ್ಷೆಯೂ ಅಲ್ಲ. ಈ ಎರಡನ್ನೂ ಬೆರೆಸಿದಲ್ಲೆಲ್ಲ ಅನ್ಯಾಯವಾಗಿದೆ.

ಇಮಾಮ್ ಮಾವರ್ದಿಯವರ ವಿವೇಚನೆ

ಈ ವಿಷಯವನ್ನು ಶಾಸ್ತ್ರೀಯವಾಗಿ ವಿಂಗಡಿಸಿ ಬರೆದವರಲ್ಲಿ ಬಗ್ದಾದಿನ ಖಾಝಿ, ಶಾಫಿಈ ವಿದ್ವಾಂಸ ಇಮಾಮ್ ಅಬುಲ್ ಹಸನ್ ಮಾವರ್ದಿ(ರಹ್) ಅಗ್ರಗಣ್ಯರು. ಅವರು ನಿಧನರಾದುದು ಕ್ರಿ.ಶ. 1058ರಲ್ಲಿ. ತಮ್ಮ 'ಅಲ್ ಅಹ್ಕಾಮುಸ್ಸುಲ್ತಾನಿಯ್ಯ' ಗ್ರಂಥದಲ್ಲಿ ಅವರು ಖಲೀಫರನ್ನು ಪದವಿಗೆ ಅನರ್ಹಗೊಳಿಸುವ ಕಾರಣಗಳನ್ನು ಎರಡಾಗಿ ವಿಭಾಗಿಸುತ್ತಾರೆ. ಒಂದು, ನ್ಯಾಯನಿಷ್ಠೆಯಲ್ಲಿನ ಲೋಪ. ಇನ್ನೊಂದು, ದೇಹದಲ್ಲಿನ ಕೊರತೆ. ಎರಡನೆಯದನ್ನು ಮತ್ತೆ ಇಂದ್ರಿಯಗಳ ಕೊರತೆ, ಅಂಗಗಳ ಕೊರತೆ, ಕಾರ್ಯಸ್ವಾತಂತ್ರ್ಯದ ಕೊರತೆ ಎಂದು ಬಿಡಿಸುತ್ತಾರೆ.

ಅವರ ವಿಂಗಡಣೆಯಲ್ಲಿನ ಸೂಕ್ಷ್ಮತೆ ಇಂದಿಗೂ ಗಮನಾರ್ಹವಾಗಿದೆ. ಬುದ್ಧಿ ತಪ್ಪುವುದರಲ್ಲಿಯೂ ಎರಡು ಬಗೆಯಿದೆ. ಮೂರ್ಛೆಯಂತೆ ಬಂದು ಹೋಗುವ, ಗುಣವಾಗುವ ಭರವಸೆಯಿರುವ ಸ್ಥಿತಿ ಒಂದು. ಅದು ಪದವಿಯನ್ನು ಕಳೆಯುವುದಿಲ್ಲ. ಪ್ರವಾದಿ(ಸ)ರವರಿಗೂ ಅಂತಿಮ ಕಾಯಿಲೆಯಲ್ಲಿ ಮೂರ್ಛೆ ಬಂದಿತ್ತೆಂಬುದನ್ನು ಅವರು ಆಧಾರವಾಗಿ ನೀಡುತ್ತಾರೆ. ಗುಣವಾಗುವ ಆಸೆಯಿಲ್ಲದ ನಿರಂತರ ಬುದ್ಧಿಭ್ರಮಣೆ ಇನ್ನೊಂದು. ಅದರ ತೀರ್ಪು ಬೇರೆ. ಇರುಳುಗುರುಡು ತೊಡಕಲ್ಲ, ಪೂರ್ಣ ಕುರುಡು ತೊಡಕು. ಕಿವುಡು ಮತ್ತು ಮೂಕತನದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ವಾಸನೆ, ರುಚಿಗಳನ್ನು ಕಳೆದುಕೊಂಡರೆ ಆಡಳಿತಕ್ಕೆ ಏನೂ ಆಗುವುದಿಲ್ಲ. ಹೀಗೆ ಪ್ರತಿಯೊಂದರಲ್ಲಿಯೂ ಅವರು ಕೇಳುವ ಪ್ರಶ್ನೆ ಒಂದೇ: ಈ ಕೊರತೆಯಿಂದ ಜನರ ಕೆಲಸ ನಿಲ್ಲುತ್ತದೆಯೇ?

ಆದರೆ ಕಾರಣಗಳನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಗ್ರಂಥದಲ್ಲಿ, ಆ ಕಾರಣ ನಿಜವಾಗಿ ಉಂಟಾಗಿದೆಯೆಂದು ಯಾವ ಸಭೆ, ಯಾವ ವಿಧಾನದಿಂದ, ಎಷ್ಟು ಜನರ ಒಪ್ಪಿಗೆಯಿಂದ ತೀರ್ಮಾನಿಸಬೇಕೆಂಬ ಕ್ರಮವು ನಿಗದಿಯಾಗಲಿಲ್ಲ. ನಿಯಮವಿದ್ದು ಕ್ರಮವಿಲ್ಲದಿದ್ದರೆ ಏನಾಗುತ್ತದೆಯೆಂಬುದಕ್ಕೆ ಮಾವರ್ದಿಯವರ ಊರಾದ ಬಗ್ದಾದಿನಲ್ಲಿಯೇ ಭಯಾನಕ ಸಾಕ್ಷ್ಯವಿತ್ತು. ಕುರುಡನು ಖಲೀಫನಾಗಿರಲಾರನೆಂಬುದನ್ನು ಬಲಶಾಲಿಗಳೂ ಅರಿತಿದ್ದರು. ಕ್ರಿ.ಶ. 934ರಲ್ಲಿ ಖಲೀಫಾ ಅಲ್ ಖಾಹಿರ್, 944ರಲ್ಲಿ ಅಲ್ ಮುತ್ತಖೀ, 946ರಲ್ಲಿ ಅಲ್ ಮುಸ್ತಕ್ಫೀ, ಹೀಗೆ ಹನ್ನೆರಡೇ ವರ್ಷಗಳಲ್ಲಿ ಮೂವರು ಅಬ್ಬಾಸಿ ಖಲೀಫರನ್ನು ಪದಚ್ಯುತಗೊಳಿಸಿ ಅವರ ಕಣ್ಣುಗಳನ್ನು ಕೀಳಿಸಲಾಯಿತು. ಜನಹಿತಕ್ಕಾಗಿ ಹೇಳಿದ ಅನರ್ಹತೆಯನ್ನು ಸೇನಾನಾಯಕರು ತಮ್ಮ ಕೈಯಾರೆ ಉಂಟುಮಾಡಿದರು.

ಉಸ್ಮಾನಿ ಸಾಮ್ರಾಜ್ಯದ ಫತ್ವಾ

ಉಸ್ಮಾನಿ ಸಾಮ್ರಾಜ್ಯದಲ್ಲಿ ಒಂದು ಕ್ರಮ ರೂಢಿಗೆ ಬಂದಿತ್ತು. ಸುಲ್ತಾನನನ್ನು ಇಳಿಸುವ ಮೊದಲು ಶೈಖುಲ್ ಇಸ್ಲಾಮರಿಂದ ಫತ್ವಾ ಪಡೆಯಬೇಕಾಗಿತ್ತು. 1876ರ ಮೇ 30ರಂದು ಸುಲ್ತಾನ್ ಅಬ್ದುಲ್ ಅಝೀಝರನ್ನು ಮಂತ್ರಿಗಳೂ ಸೇನಾಧಿಕಾರಿಗಳೂ ಸೇರಿ ಪದಚ್ಯುತಗೊಳಿಸಿದರು. ಅದಕ್ಕೆ ಶೈಖುಲ್ ಇಸ್ಲಾಮ್ ಹಸನ್ ಖೈರುಲ್ಲಾ ಎಫೆಂದಿಯವರ ಫತ್ವಾ ಇತ್ತು. ಸಿಂಹಾಸನವೇರಿದ ಐದನೆಯ ಮುರಾದರು ಮನಸ್ಸಿನ ಸ್ಥಿಮಿತವನ್ನು ಬಹುಬೇಗ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಅಬ್ದುಲ್ ಅಝೀಝರ ಮರಣವಾದುದು ಅವರ ಸ್ಥಿತಿಯನ್ನು ಮತ್ತಷ್ಟು ಹದಗೆಡಿಸಿತು. ವಿಯೆನ್ನಾದಿಂದ ತಜ್ಞ ವೈದ್ಯರನ್ನು ಕರೆಸಲಾಯಿತು. ಸೂಕ್ತ ಚಿಕಿತ್ಸೆಯಿಂದ ಗುಣವಾಗಬಹುದೆಂದು ಆ ವೈದ್ಯರು ಅಭಿಪ್ರಾಯಪಟ್ಟರೂ ಕಾಯುವ ವ್ಯವಧಾನ ರಾಜಕಾರಣಕ್ಕಿರಲಿಲ್ಲ. ಆಗಸ್ಟ್ 31ರಂದು ಮತ್ತೊಂದು ಫತ್ವಾದ ಮೂಲಕ ಅವರನ್ನೂ ಇಳಿಸಿ, ಅವರ ತಮ್ಮ ಎರಡನೆಯ ಅಬ್ದುಲ್ ಹಮೀದರನ್ನು ಸುಲ್ತಾನರನ್ನಾಗಿ ಮಾಡಲಾಯಿತು. ಮುರಾದರ ಆಳ್ವಿಕೆ 93 ದಿನಗಳಿಗೆ ಮುಗಿಯಿತು.

ಈ ಕ್ರಮದಲ್ಲಿ ವೈದ್ಯರೂ ಇದ್ದರು, ವಿದ್ವಾಂಸರೂ ಇದ್ದರು. ಇಲ್ಲದಿದ್ದುದು, ಈ ಇಬ್ಬರ ಮಾತನ್ನೂ ಬಹಿರಂಗವಾಗಿ ತೂಗಿ ನೋಡಬಲ್ಲ ಸ್ವತಂತ್ರ ಸಭೆ. ಪದಚ್ಯುತಿಯ ನಂತರ ರೋಗಿಯ ಹಕ್ಕುಗಳೇನೆಂಬ ಚಿಂತೆಯೂ ಇರಲಿಲ್ಲ. ಮುರಾದರು 1904ರಲ್ಲಿ ನಿಧನರಾಗುವವರೆಗೆ, ಸುಮಾರು ಇಪ್ಪತ್ತೆಂಟು ವರ್ಷಗಳನ್ನು ಇಸ್ತಾಂಬುಲಿನ ಚಿರಾಗಾನ್ ಅರಮನೆಯಲ್ಲಿ ಬಂಧನದಲ್ಲಿಯೇ ಕಳೆದರು. ರೋಗವು ಅವರ ಪಾಲಿಗೆ ಶಿಕ್ಷೆಯಾಯಿತು.

ಜೋರ್ಡಾನ್: ತಾನೇ ಕೊಟ್ಟ ಸಂವಿಧಾನದಿಂದ ಇಳಿದ ದೊರೆ

ಈಗ 1951ಕ್ಕೆ ಬರೋಣ. ಜುಲೈ 20ರ ಶುಕ್ರವಾರ ಬೈತುಲ್ ಮುಕದ್ದಸಿನಲ್ಲಿ, ಮಸ್ಜಿದುಲ್ ಅಕ್ಸಾದ ಬಳಿ ಜೋರ್ಡಾನಿನ ದೊರೆ ಅಬ್ದುಲ್ಲಾ ಗುಂಡಿಗೆ ಬಲಿಯಾದರು. ಹದಿನೈದರ ಹರೆಯದ ಮೊಮ್ಮಗ ಹುಸೈನ್ ಜೊತೆಯಲ್ಲಿಯೇ ಇದ್ದರು. ಉತ್ತರಾಧಿಕಾರಿಯಾದ ಹಿರಿಯ ಮಗ ತಲಾಲ್ ಆಗ ಸ್ವಿಟ್ಜರ್ಲೆಂಡಿನಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದರು. ಅವರ ಮಲತಮ್ಮ ನಾಯಿಫ್ ತಾತ್ಕಾಲಿಕವಾಗಿ ರಾಜಪ್ರತಿನಿಧಿಯಾದರು. ಸೆಪ್ಟೆಂಬರಿನಲ್ಲಿ ತಲಾಲ್ ಸ್ವದೇಶಕ್ಕೆ ಮರಳಿ ದೊರೆಯಾದರು.

ತಲಾಲರ ಆಳ್ವಿಕೆ ಒಂದು ವರ್ಷವನ್ನೂ ತುಂಬಲಿಲ್ಲ. ಆದರೆ ಆ ಅಲ್ಪ ಅವಧಿಯಲ್ಲಿಯೇ, 1952ರ ಜನವರಿಯಲ್ಲಿ, ದೇಶಕ್ಕೆ ಹೊಸ ಸಂವಿಧಾನ ಬಂತು. ಅದು ಮಂತ್ರಿಮಂಡಲವನ್ನು ಸಂಸತ್ತಿಗೆ ಉತ್ತರದಾಯಿಯಾಗಿಸಿತು. ಅನೇಕ ತಿದ್ದುಪಡಿಗಳೊಂದಿಗೆ ಆ ದೇಶವು ಇಂದಿಗೂ ಅದೇ ಸಂವಿಧಾನದಡಿ ನಡೆಯುತ್ತಿದೆ. ಅದರ 28ನೆಯ ವಿಧಿ ಸಿಂಹಾಸನದ ಉತ್ತರಾಧಿಕಾರಕ್ಕೆ ಸಂಬಂಧಿಸಿದ್ದು. ದೊರೆಗೆ ಸಾಮಾನ್ಯ ಕಾಯಿಲೆಯಾದರೆ ಅವರ ಅಧಿಕಾರಗಳನ್ನು ಒಬ್ಬ ಪ್ರತಿನಿಧಿ ಅಥವಾ ಸಿಂಹಾಸನ ಮಂಡಳಿ ನಿರ್ವಹಿಸಬೇಕು. ಆದರೆ ಮಾನಸಿಕ ಕಾಯಿಲೆಯಿಂದ ಅಸಮರ್ಥರಾದರೆ ಕ್ರಮವೇ ಬೇರೆ. ಮೊದಲು ಮಂತ್ರಿಮಂಡಲವು ಕಾಯಿಲೆಯನ್ನು ಖಚಿತಪಡಿಸಿಕೊಂಡು ಕೂಡಲೇ ಸಂಸತ್ತಿನ ಎರಡೂ ಸದನಗಳನ್ನು ಒಟ್ಟಾಗಿ ಕರೆಯಬೇಕು. ಕಾಯಿಲೆ ನಿಸ್ಸಂದೇಹವಾಗಿ ಸ್ಥಾಪಿತವಾದರೆ ಸಂಸತ್ತು ನಿರ್ಣಯದ ಮೂಲಕ ದೊರೆಯನ್ನು ಇಳಿಸಿ, ಸಂವಿಧಾನದ ಪ್ರಕಾರ ಮುಂದಿನವರಿಗೆ ಅಧಿಕಾರ ವರ್ಗಾಯಿಸಬೇಕು. ಕೆಳಮನೆ ವಿಸರ್ಜನೆಯಾಗಿದ್ದರೆ? ಹಿಂದಿನ ಸದನವನ್ನೇ ಈ ಉದ್ದೇಶಕ್ಕಾಗಿ ಕರೆಯಬೇಕು. ಆಡಳಿತದ ಬಾಗಿಲು ಯಾವ ಸಂದರ್ಭದಲ್ಲಿಯೂ ಮುಚ್ಚಿ ಹೋಗದಂತೆ ಆ ವಿಧಿಯನ್ನು ರಚಿಸಲಾಗಿತ್ತು.

ತಮ್ಮ ಹೆಸರಿನಲ್ಲಿ ಜಾರಿಯಾದ ಸಂವಿಧಾನದ ಈ ಉಪವಿಧಿಯು ಏಳೇ ತಿಂಗಳಲ್ಲಿ ತಲಾಲರಿಗೇ ಅನ್ವಯವಾಯಿತು. ಅವರ ಕಾಯಿಲೆ ಮರುಕಳಿಸಿತು. ಚಿಕಿತ್ಸೆಗಾಗಿ ಯುರೋಪಿಗೆ ಹೋಗಿ ಬಂದರೂ ಗುಣ ಕಾಣಲಿಲ್ಲ. 1952ರ ಆಗಸ್ಟ್ 11ರಂದು ಪ್ರಧಾನಿ ತೌಫೀಕ್ ಅಬುಲ್ ಹುದಾ ಸಂಸತ್ತಿನ ಮುಂದೆ ವಿಷಯವನ್ನಿರಿಸಿದರು. ವೈದ್ಯರ ವರದಿಗಳನ್ನು ಪರಿಶೀಲಿಸಿದ ಸಂಸತ್ತು ತಲಾಲರ ಆಳ್ವಿಕೆಯನ್ನು ಕೊನೆಗೊಳಿಸಿ ಹುಸೈನರನ್ನು ದೊರೆಯೆಂದು ಘೋಷಿಸಿತು. ಹುಸೈನ್ ಆಗ ತಾಯಿಯೊಂದಿಗೆ ಲೊಸಾನ್ ನಗರದ ಹೋಟೆಲೊಂದರಲ್ಲಿದ್ದರು. ಅವರಿಗೆ ಸುದ್ದಿ ತಲುಪಿದುದು ದೊರೆಯೆಂಬ ಸಂಬೋಧನೆಯಿದ್ದ ಒಂದು ಲಕೋಟೆಯ ಮೂಲಕ.

ಆದರೆ ಹುಸೈನರಿಗೆ ಆಗಿನ್ನೂ ಹದಿನಾರು ವರ್ಷ. ಸಂವಿಧಾನದ ಪ್ರಕಾರ ದೊರೆಯು ಚಾಂದ್ರಮಾನ ಗಣನೆಯಲ್ಲಿ 18 ವರ್ಷ ಪೂರೈಸಿರಬೇಕು. ಅಲ್ಲಿಯವರೆಗೆ ಮೂವರ ಮಂಡಳಿಯೊಂದು ರಾಜಾಧಿಕಾರವನ್ನು ನಿರ್ವಹಿಸಿತು. 1935ರ ನವೆಂಬರಿನಲ್ಲಿ ಜನಿಸಿದ ಹುಸೈನ್, ಹಿಜರಿ ಲೆಕ್ಕದಲ್ಲಿ ವಯಸ್ಸು ತುಂಬಿದ ಕಾರಣ 1953ರ ಮೇ 2ರಂದು ಪ್ರಮಾಣವಚನ ಸ್ವೀಕರಿಸಿದರು.

ಇದರ ಹಿಂದೆ ರಾಜಕೀಯ ಲೆಕ್ಕಾಚಾರಗಳಿರಲಿಲ್ಲವೆಂದಲ್ಲ. ಬ್ರಿಟಿಷರ ಪ್ರಭಾವ ಜೋರ್ಡಾನಿನಲ್ಲಿ ಬಲವಾಗಿದ್ದ ಕಾಲವದು. ಆದರೂ ರಕ್ತ ಹರಿಯಲಿಲ್ಲ, ಯಾರ ಕಣ್ಣನ್ನೂ ಕೀಳಲಿಲ್ಲ, ಸೇನೆ ಬೀದಿಗಿಳಿದು ಹೊಸ ದೊರೆಯನ್ನು ಆರಿಸಲಿಲ್ಲ. ತಲಾಲರು ಉಳಿದ ವರ್ಷಗಳ ಬಹುಭಾಗವನ್ನು ಇಸ್ತಾಂಬುಲಿನಲ್ಲಿ ಚಿಕಿತ್ಸೆಯಲ್ಲಿ ಕಳೆದು 1972ರ ಜುಲೈನಲ್ಲಿ ನಿಧನರಾದರು. ಅವರನ್ನು ಅಮ್ಮಾನಿನಲ್ಲಿ ರಾಜಮರ್ಯಾದೆಯೊಂದಿಗೆ ದಫನ ಮಾಡಲಾಯಿತು. ಸಂವಿಧಾನವನ್ನು ಕೊಟ್ಟ ದೊರೆಯೆಂದೇ ಆ ದೇಶ ಅವರನ್ನು ಸ್ಮರಿಸುತ್ತದೆ.

ಕ್ರಮವಿದ್ದೂ ದುರುಪಯೋಗವಾದಾಗ

ಟ್ಯುನೀಶಿಯಾದ ಕಥೆ ಇದಕ್ಕೆ ವ್ಯತಿರಿಕ್ತ. ಸ್ವಾತಂತ್ರ್ಯ ಹೋರಾಟದ ನಾಯಕ ಹಬೀಬ್ ಬುರ್ಖೀಬಾ 1975ರಲ್ಲಿ ಆಜೀವ ಅಧ್ಯಕ್ಷರೆನಿಸಿಕೊಂಡರು. ಮುಪ್ಪು ಮತ್ತು ಕಾಯಿಲೆ ಅವರನ್ನು ಆವರಿಸಿದಾಗ ಗೌರವದಿಂದ ಇಳಿಯುವ ದಾರಿಯನ್ನು ಅವರೇ ಮುಚ್ಚಿಕೊಂಡಿದ್ದರು. ಅಲ್ಲಿನ ಸಂವಿಧಾನದ 57ನೆಯ ವಿಧಿಯ ಪ್ರಕಾರ ಅಧ್ಯಕ್ಷರು ಸಂಪೂರ್ಣವಾಗಿ ಅಸಮರ್ಥರಾದರೆ ಪ್ರಧಾನಿಯೇ ಆ ಸ್ಥಾನಕ್ಕೆ ಬರುತ್ತಿದ್ದರು. 1987ರ ನವೆಂಬರ್ 7ರ ಮುಂಜಾನೆ ಪ್ರಧಾನಿ ಝೈನುಲ್ ಆಬಿದೀನ್ ಬಿನ್ ಅಲಿ, ಏಳು ಮಂದಿ ವೈದ್ಯರು ಸಹಿ ಹಾಕಿದ ವರದಿಯೊಂದನ್ನು ಆಧರಿಸಿ ಅಧಿಕಾರ ವಹಿಸಿಕೊಂಡುದಾಗಿ ಘೋಷಿಸಿದರು. ಆ ವೈದ್ಯರನ್ನು ರಾತ್ರೋರಾತ್ರಿ ಕರೆಸಲಾಗಿತ್ತು.

ಇಲ್ಲಿನ ದೋಷ ಸ್ಪಷ್ಟವಾಗಿದೆ. ಅಧ್ಯಕ್ಷರು ಅಸಮರ್ಥರೆಂದು ಸಾರಿದವರೂ, ಅದರಿಂದ ಲಾಭ ಪಡೆದವರೂ ಒಬ್ಬರೇ. ನಡುವೆ ವೈದ್ಯರ ವರದಿಯನ್ನು ಪ್ರಶ್ನಿಸಬಲ್ಲ ಸಂಸತ್ತಿನ ಮತದಾನವಿರಲಿಲ್ಲ. ಬುರ್ಖೀಬಾ ವೃದ್ಧರಾಗಿದ್ದುದೂ ಅಸ್ವಸ್ಥರಾಗಿದ್ದುದೂ ಸುಳ್ಳಲ್ಲ. ಆದರೆ ಕಾರಣ ನಿಜವಾಗಿದ್ದ ಮಾತ್ರಕ್ಕೆ ಕ್ರಮ ನ್ಯಾಯವಾಗುವುದಿಲ್ಲ. ಹಾಗೆ ಬಂದವರು ತಾವು 23 ವರ್ಷಗಳ ಕಾಲ ಇಳಿಯಲಿಲ್ಲ. ಕೊನೆಗೆ 2011ರ ಜನವರಿ 14ರಂದು ಜನರ ಆಕ್ರೋಶಕ್ಕೆ ಅಂಜಿ ದೇಶವನ್ನೇ ಬಿಟ್ಟು ಹೋದರು.

ಕ್ರಮವಿದ್ದೂ ಬಳಸದಿರುವುದು ಇನ್ನೊಂದು ಬಗೆಯ ದೋಷ. ಅಲ್ಜೀರಿಯಾದ ಅಧ್ಯಕ್ಷ ಅಬ್ದುಲ್ ಅಝೀಝ್ ಬೂತಫ್ಲೀಕಾ 2013ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಅವರು ಸಾರ್ವಜನಿಕವಾಗಿ ಮಾತನಾಡುವುದೇ ಬಹುಮಟ್ಟಿಗೆ ನಿಂತಿತು. ಅಸಾಮರ್ಥ್ಯದ ಕುರಿತು ಅಲ್ಲಿನ ಸಂವಿಧಾನದಲ್ಲಿ ವಿಧಿಯಿದ್ದರೂ ಮರುವರ್ಷ ಅವರನ್ನೇ ಮತ್ತೆ ಅಧ್ಯಕ್ಷರನ್ನಾಗಿ ಆರಿಸಲಾಯಿತು. 2019ರಲ್ಲಿ ಜನ ಬೀದಿಗಿಳಿದ ಮೇಲೆ ಸೇನಾ ಮುಖ್ಯಸ್ಥರಿಗೆ ಆ ವಿಧಿಯ ನೆನಪಾಯಿತು. ಏಪ್ರಿಲ್ 2ರಂದು ಬೂತಫ್ಲೀಕಾ ರಾಜೀನಾಮೆ ನೀಡಿದರು. ರೋಗಿಯ ಹೆಸರಿನಲ್ಲಿ ಅಷ್ಟು ವರ್ಷ ಆಳಿದವರಾರು ಎಂಬ ಪ್ರಶ್ನೆ ಜನರಲ್ಲಿ ಉಳಿದೇ ಹೋಯಿತು.

ಕುವೈತಿನ ಒಂಬತ್ತು ದಿನಗಳು

2006ರ ಜನವರಿ 15ರಂದು ಕುವೈತಿನ ಅಮೀರ್ ಶೈಖ್ ಜಾಬಿರ್ ಅಲ್ ಅಹ್ಮದ್ ನಿಧನರಾದರು. ಯುವರಾಜ ಶೈಖ್ ಸಅದ್ ಅಬ್ದುಲ್ಲಾ ಅಮೀರರಾದರು. ಆದರೆ ಅವರು ತೀವ್ರ ಅಸ್ವಸ್ಥರಾಗಿದ್ದು, ಸಂಸತ್ತಿನ ಮುಂದೆ ಪ್ರಮಾಣವಚನ ಸ್ವೀಕರಿಸುವುದೇ ಕಷ್ಟವೆಂಬಂತಿತ್ತು. 1964ರ ಉತ್ತರಾಧಿಕಾರ ಕಾನೂನಿನಲ್ಲಿ ಇದಕ್ಕೆ ದಾರಿಯಿತ್ತು. ಅಮೀರರು ಆರೋಗ್ಯದ ಕಾರಣ ಅಸಮರ್ಥರಾದರೆ ಮಂತ್ರಿಮಂಡಲವು ವಿಷಯವನ್ನು ಸಂಸತ್ತಿಗೆ ಒಪ್ಪಿಸಬೇಕು. ಸಂಸತ್ತು ಗುಪ್ತ ಅಧಿವೇಶನದಲ್ಲಿ ಮೂರನೆಯ ಎರಡರಷ್ಟು ಬಹುಮತದಿಂದ ತೀರ್ಮಾನಿಸಬೇಕು. ಜನವರಿ 24ರಂದು ಸಂಸತ್ತು ಹಾಗೆಯೇ ಮತ ಹಾಕಿತು. ಪದತ್ಯಾಗದ ಪತ್ರವೂ ಅದೇ ದಿನ ತಲುಪಿತು. 29ರಂದು ಶೈಖ್ ಸಬಾಹ್ ಅಲ್ ಅಹ್ಮದ್ ಅಮೀರರಾಗಿ ಪ್ರಮಾಣವಚನ ಸ್ವೀಕರಿಸಿದರು. ಇಳಿದವರಿಗೆ ಗೌರವದ ಸ್ಥಾನವನ್ನು ಉಳಿಸಲಾಯಿತು. ಅಧಿವೇಶನ ಗುಪ್ತವಾಗಿರಬೇಕೆಂಬ ನಿಯಮದಲ್ಲಿ, ರೋಗಿಯ ಕಾಯಿಲೆಯ ವಿವರಗಳು ಸಂತೆಯ ಮಾತಾಗಬಾರದೆಂಬ ಮರ್ಯಾದೆಯೂ ಅಡಗಿದೆ.

ನಮ್ಮ ದೇಶದಲ್ಲಿ

ಭಾರತದ ಸಂವಿಧಾನವು ರಾಷ್ಟ್ರಪತಿಯವರನ್ನು ಪದಚ್ಯುತಗೊಳಿಸಲು 61ನೆಯ ವಿಧಿಯಲ್ಲಿ ಮಹಾಭಿಯೋಗದ ಕ್ರಮವನ್ನು ನಿಗದಿಪಡಿಸಿದೆ. ಅದಕ್ಕೆ ಆಧಾರ ಸಂವಿಧಾನದ ಉಲ್ಲಂಘನೆ ಮಾತ್ರ. ಒಂದು ಸದನದ ಕಾಲುಭಾಗ ಸದಸ್ಯರ ಸಹಿ, 14 ದಿನಗಳ ಪೂರ್ವಸೂಚನೆ, ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಮೂರನೆಯ ಎರಡರಷ್ಟು ಬಹುಮತ ಅಗತ್ಯ. ಕಾಯಿಲೆಗೆ ಬೇರೆ ದಾರಿಯಿದೆ. ರಾಷ್ಟ್ರಪತಿಯವರು ಅಸ್ವಸ್ಥರಾದಾಗ ಉಪರಾಷ್ಟ್ರಪತಿಯವರು ಅವರ ಕಾರ್ಯಗಳನ್ನು ನಿರ್ವಹಿಸಬೇಕೆಂದು 65ನೆಯ ವಿಧಿ ಹೇಳುತ್ತದೆ. 1961ರಲ್ಲಿ ಬಾಬು ರಾಜೇಂದ್ರ ಪ್ರಸಾದರು ಕಾಯಿಲೆಯಲ್ಲಿದ್ದಾಗ ಡಾ. ರಾಧಾಕೃಷ್ಣನ್ ಹೀಗೆ ಕೆಲಸ ಮಾಡಿದರು. 1977ರಲ್ಲಿ ಫಖ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ನಿಧನರಾದಾಗ, ನಮ್ಮ ನಾಡಿನ ಬಿ.ಡಿ. ಜತ್ತಿಯವರು ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಆದರೆ ರಾಷ್ಟ್ರಪತಿಯವರು ಅಸಮರ್ಥರೆಂದು ಅವರೇ ಒಪ್ಪದಿದ್ದರೆ ತೀರ್ಮಾನಿಸುವವರು ಯಾರೆಂಬುದನ್ನು ಈ ವಿಧಿ ಹೇಳುವುದಿಲ್ಲ. ಮಾವರ್ದಿಯವರ ಗ್ರಂಥದಲ್ಲಿ ಉಳಿದ ಅದೇ ಅಂತರ ಇಲ್ಲಿಯೂ ಸ್ವಲ್ಪ ಉಳಿದಿದೆ.

ಈ ಎಲ್ಲ ಘಟನೆಗಳನ್ನು ಒಟ್ಟಿಗೆ ನೋಡಿದಾಗ, ಜೋರ್ಡಾನ್ ಮತ್ತು ಕುವೈತಿನಲ್ಲಿ ಕಾಪಾಡಲಾದುದು ಏನೆಂಬುದು ತಿಳಿಯುತ್ತದೆ. ಕಾಯಿಲೆಯನ್ನು ಗುರುತಿಸುವವರು ಬೇರೆ, ತೀರ್ಪು ನೀಡುವವರು ಬೇರೆಯಾಗಿದ್ದರು. ಮುಂದಿನವರು ಯಾರೆಂಬುದನ್ನು ಕಾಯಿಲೆಗೆ ಮೊದಲೇ ಕಾನೂನು ನಿಗದಿಪಡಿಸಿತ್ತು, ಅಥವಾ ಸಂಸತ್ತಿನ ಒಪ್ಪಿಗೆಯಿಂದಲೇ ಅದು ನಿರ್ಧಾರವಾಗಬೇಕಿತ್ತು. ಇಳಿದವರು ಅಪರಾಧಿಗಳೆನಿಸಲಿಲ್ಲ. ಬಗ್ದಾದಿನಲ್ಲಿ ಮತ್ತು ಟ್ಯುನಿಸಿನಲ್ಲಿ ಇವುಗಳಲ್ಲಿ ಯಾವುದಾದರೊಂದು ತಪ್ಪಿತು, ಬೆಲೆಯನ್ನು ಜನರು ತೆತ್ತರು.

ಈ ಪಾಠ ಅರಮನೆಗಳಿಗೆ ಮಾತ್ರ ಸೀಮಿತವಲ್ಲ. ವಕ್ಫಿನ ಮುತವಲ್ಲಿ, ಜಮಾಅತಿನ ಅಧ್ಯಕ್ಷ, ಕುಟುಂಬದ ಆಸ್ತಿಯನ್ನು ನೋಡಿಕೊಳ್ಳುವ ಹಿರಿಯರು, ಇವರೆಲ್ಲರ ಕೈಯಲ್ಲಿ ಅಮಾನತ್ತಿದೆ. ಬುದ್ಧಿ ಮಸುಕಾದವರ ಆಸ್ತಿಯನ್ನು ಖಾಝಿಯ ತೀರ್ಪಿನ ಮೂಲಕ ರಕ್ಷಿಸುವ 'ಹಜ್ರ್' ಎಂಬ ಅಧ್ಯಾಯ ನಮ್ಮ ಫಿಕ್‌ಹ್ ಗ್ರಂಥಗಳಲ್ಲಿದೆ. ಅದರ ಉದ್ದೇಶ ಅವರ ಸೊತ್ತನ್ನು ಕಸಿಯುವುದಲ್ಲ, ಕಾಯುವುದು. ಮರೆವು ಆವರಿಸಿದ ತಂದೆಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುವ ಮಗನಿಗೂ, ಹಾಸಿಗೆ ಹಿಡಿದ ಅಧ್ಯಕ್ಷರ ಹೆಸರಿನಲ್ಲಿ ಲೆಕ್ಕ ನಡೆಸುವ ಕಾರ್ಯದರ್ಶಿಗೂ ಅಲ್ಲಾಹನ ಮುಂದೆ ವಿಚಾರಣೆಯಿದೆ. ಎಲ್ಲರೂ ಆರೋಗ್ಯದಿಂದಿರುವಾಗಲೇ, ಯಾರ ಮೇಲೂ ಸಂಶಯವಿಲ್ಲದಿರುವಾಗಲೇ, ಹೊಣೆ ಹೇಗೆ ಕೈಬದಲಾಗಬೇಕೆಂಬುದನ್ನು ಮನೆಯವರೂ ಜಮಾಅತಿನವರೂ ಕುಳಿತು ಬರೆದಿಡುವುದು ಲೇಸು.