ಅಲುಗದ ಆಹಾರ, ಪ್ರಯೋಗಾಲಯದ ಕಪ್ಪೆ: 1959ರ ಒಂದು ವಾಕ್ಯದ ಮರುಪರಿಶೀಲನೆ

ಕಪ್ಪೆ ಅಲುಗಾಡುವುದನ್ನು ಮಾತ್ರ ತಿನ್ನುತ್ತದೆ. ಅಲುಗದ ಆಹಾರದ ರಾಶಿಯ ನಡುವೆ ಕೂರಿಸಿದರೂ ಹಸಿದೇ ಸಾಯುತ್ತದೆ. ಪ್ರಾಣಿಶಾಸ್ತ್ರದ ತರಗತಿಯಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಆಧಾರ ಕೇಳಿದರೆ ಬೆರಳು ತೋರುವುದು ಲೆಟ್ವಿನ್, ಮಟುರಾನಾ, ಮೆಕಲಕ್, ಪಿಟ್ಸ್ ಎಂಬ ನಾಲ್ವರು 1959ರಲ್ಲಿ ಅಮೆರಿಕದ ರೇಡಿಯೊ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಕಡೆಗೆ. ಕಪ್ಪೆಯ ಕಣ್ಣು ಅದರ ಮಿದುಳಿಗೆ ಏನು ತಿಳಿಸುತ್ತದೆ ಎಂಬುದು ಆ ಲೇಖನದ ವಿಷಯ. ನರವಿಜ್ಞಾನದಲ್ಲಿ ಅದರ ಸ್ಥಾನದ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರೆಲ್ಲ ಅದನ್ನು ಪೂರ್ತಿ ಓದದೆ ಉಲ್ಲೇಖಿಸುವವರ ಮೇಲೆ.

ಲೇಖನವನ್ನು ತೆರೆದು ನೋಡೋಣ. ಉಪವಾಸದ ಮಾತು ಬರುವುದು ಆರಂಭದಲ್ಲಿ, ಕಪ್ಪೆಯ ನಡವಳಿಕೆಯನ್ನು ಓದುಗನಿಗೆ ಪರಿಚಯಿಸುವ ಭಾಗದಲ್ಲಿ. ಪ್ರಯೋಗದ ಫಲಿತಾಂಶಗಳ ಸಾಲಿನಲ್ಲಿ ಅದಿಲ್ಲ. ಪ್ರಯೋಗದಲ್ಲಿ ಕಪ್ಪೆಗೆ ಏನನ್ನೂ ತಿನ್ನಿಸಿಲ್ಲ, ಯಾವ ಕಪ್ಪೆಯನ್ನೂ ಉಪವಾಸ ಕೆಡವಿ ನೋಡಿಲ್ಲ. ಅವರು ಮಾಡಿದ್ದಿಷ್ಟು: ಕಪ್ಪೆಯ ಕಣ್ಣಿನ ಮುಂದೆ ಅಲ್ಯೂಮಿನಿಯಮ್ಮಿನ ಅರ್ಧಗೋಳ ಇಟ್ಟು, ಅದರ ಒಳಮೈ ಮೇಲೆ ಸಣ್ಣ ವಸ್ತುಗಳನ್ನು ಹೊರಗಿನಿಂದ ಅಯಸ್ಕಾಂತದಿಂದ ಸರಿಸುತ್ತ, ದೃಷ್ಟಿನರದ ಎಳೆಗಳು ಯಾವಾಗ ಮಿಡಿಯುತ್ತವೆಂದು ದಾಖಲಿಸಿದರು. ಪ್ರಯೋಗಕ್ಕೆ ಒಡ್ಡಿದ್ದು ರಾನಾ ಪಿಪಿಯೆನ್ಸ್ ಎಂಬ ಉತ್ತರ ಅಮೆರಿಕದ ಕಪ್ಪೆಯನ್ನು. ಆ ಎಳೆಗಳಲ್ಲಿ ಒಂದು ಬಗೆಯದಂತೂ, ಸಣ್ಣ ಗುಂಡನೆಯ ವಸ್ತು ಬಂದು ನಿಂತುಬಿಟ್ಟ ಮೇಲೂ ಸ್ವಲ್ಪ ಹೊತ್ತು ಮಿಡಿಯುತ್ತಲೇ ಇರುತ್ತದೆ. ಅಲುಗದ್ದು ಕಪ್ಪೆಗೆ ಕಾಣಿಸುವುದೇ ಇಲ್ಲ ಎನ್ನುವವರು ಈ ಸಾಲನ್ನು ದಾಟಿಕೊಂಡೇ ಹೋಗಿದ್ದಾರೆ.

ಹೀಗೆ ಪೀಠಿಕೆಯ ಮಾತು ಫಲಿತಾಂಶವಾಯಿತು, ಒಂದು ಜಾತಿಯ ಬಗೆಗಿನ ಮಾತು ಕಪ್ಪೆಕುಲಕ್ಕೆಲ್ಲ ಹಬ್ಬಿತು. ಈ ಎರಡನೆಯ ತಪ್ಪು ನಮ್ಮ ದೇಶದಲ್ಲಿ ಹೆಚ್ಚು ಅಕ್ಷಮ್ಯ. ಏಕೆಂದರೆ ಅದನ್ನು ಅಲ್ಲಗಳೆಯುವ ಸಾಕ್ಷ್ಯ ದಕ್ಷಿಣ ಭಾರತದ ಕೆರೆಕುಂಟೆಗಳಲ್ಲೇ ತೇಲುತ್ತಿದೆ.

ಇಂದ್ರನೀಲ್ ದಾಸ್ ಅವರು ತಮಿಳುನಾಡಿನ ರಾನಾ ಹೆಕ್ಸಾಡ್ಯಾಕ್ಟೈಲಾ ಕಪ್ಪೆಗಳ (ಆಮೇಲೆ ಬಂದ ಹೆಸರು ಯೂಫ್ಲಿಕ್ಟಿಸ್ ಹೆಕ್ಸಾಡ್ಯಾಕ್ಟೈಲಸ್, ನೀರಿನಲ್ಲೇ ಹೆಚ್ಚು ಕಾಲ ಕಳೆಯುವ ದೊಡ್ಡ ಹಸಿರು ಕಪ್ಪೆ) ಆಹಾರದ ಬಗ್ಗೆ 1996ರಲ್ಲಿ ಒಂದು ಲೇಖನ ಬರೆದರು. ಬಲಿತ ಕಪ್ಪೆಗಳ ಹೊಟ್ಟೆಯಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಸಸ್ಯ. ಎಳೆಯವುಗಳಲ್ಲಿ ಮೇಲುಗೈ ಕೀಟಗಳದು. ಋತುವಿಗೆ ತಕ್ಕಂತೆ ಈ ಪ್ರಮಾಣಗಳೂ ಬದಲಾಗುತ್ತವೆ. ಲೇಖನ ಹೊರಬಂದದ್ದು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ. ಯಾರ ಕಣ್ಣಿಗೂ ಬೀಳದ ಜಾಗವೇನಲ್ಲ ಅದು.

ಇದಕ್ಕೆ ಎದುರಾಡುವವರ ಮಾತು ಸಿದ್ಧವಾಗಿದೆ: ಕೀಟ ಹಿಡಿಯಲು ನಾಲಿಗೆ ಚಾಚಿದಾಗ ಎಲೆಯ ಚೂರೂ ಜೊತೆಗೆ ಒಳಹೋಗಿದೆ, ಅಷ್ಟೆ. ಈ ವಾದವನ್ನು ಅಸಡ್ಡೆಯಿಂದ ತಳ್ಳಿಹಾಕುವುದು ನ್ಯಾಯವಲ್ಲ. ಬೇರೆ ಎಷ್ಟೋ ಜಾತಿಗಳ ಹೊಟ್ಟೆಯಲ್ಲಿ ಸಿಗುವ ಹುಲ್ಲಿನೆಸಳು, ಮರಳು, ಬೀಜಗಳಿಗೆ ಅದೇ ಸರಿಯಾದ ವಿವರಣೆ. ಹಾಗಾದರೆ ಹೆಕ್ಸಾಡ್ಯಾಕ್ಟೈಲಾದ ವಿಷಯದಲ್ಲಿ ಅದು ನಿಲ್ಲಬೇಕಾದರೆ ಏನೇನು ಕಾಣಬೇಕಿತ್ತು? ಹೆಚ್ಚು ಕೀಟ ತಿಂದ ಕಪ್ಪೆಯಲ್ಲೇ ಹೆಚ್ಚು ಎಲೆಯೂ ಇರಬೇಕಿತ್ತು. ಕೀಟಗಳ ಮೇಲೆ ಹೆಚ್ಚು ಎರಗುವ ಎಳೆಯ ಕಪ್ಪೆಗಳೇ ಎಲೆ ನುಂಗುವುದರಲ್ಲಿಯೂ ಮುಂದಿರಬೇಕಿತ್ತು. ಕಾಣುವುದು ಇದಕ್ಕೆ ತದ್ವಿರುದ್ಧ. ವಯಸ್ಸು ಏರಿದಂತೆ ಕೀಟ ಇಳಿದು ಸಸ್ಯ ಏರುತ್ತದೆ. ಆಕಸ್ಮಿಕಕ್ಕೆ ವಯಸ್ಸಿನ ಲೆಕ್ಕ ತಿಳಿಯದು. ಇನ್ನು, ಎಲೆಗೆ ಅಂಟಿಕೊಂಡ ಸೂಕ್ಷ್ಮ ಜೀವಿಗಳಿಗಾಗಿಯೇ ಕಪ್ಪೆ ಎಲೆ ನುಂಗುತ್ತದೆ ಎಂಬ ಸಮಜಾಯಿಷಿ ಉಳಿಯುತ್ತದೆ. ಇರಬಹುದು. ಆದರೆ ಆಗಲೂ ಕಪ್ಪೆ ಬಾಯಿ ಹಾಕಿದ್ದು ಎಲೆಗೇ ತಾನೆ? 1959ರ ವಾಕ್ಯವನ್ನು ಉಳಿಸಲು ಹೊರಟವರಿಗೆ ಈ ದಾರಿಯೂ ನೆರವಾಗದು.

ದಾಸ್ ಅವರದು ಒಂಟಿ ದನಿಯೂ ಅಲ್ಲ. ಬ್ರೆಜಿಲ್ಲಿನ ಒಂದು ಮರಗಪ್ಪೆ ಹಣ್ಣು ತಿಂದು ಬೀಜ ಹರಡುವುದನ್ನು 1989ರಲ್ಲೇ ವರದಿ ಮಾಡಲಾಗಿತ್ತು. ಕೇನ್ ಟೋಡ್ ಎಂಬ ದೊಡ್ಡ ನೆಲಗಪ್ಪೆ ಮನೆಯಂಗಳದ ನಾಯಿ ತಟ್ಟೆಯಿಂದ ಅಲುಗದ ಆಹಾರ ತಿನ್ನುವುದು ಹೊರದೇಶಗಳಲ್ಲಿ ದಿನನಿತ್ಯದ ನೋಟ. ಎಲ್ಲಕ್ಕಿಂತ ದೊಡ್ಡ ವಿಪರ್ಯಾಸ, ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಸಾಕಿರುವ ಕಪ್ಪೆಯೇ ಈ ನಿಯಮಕ್ಕೆ ಒಗ್ಗುವುದಿಲ್ಲ. ದಕ್ಷಿಣ ಆಫ್ರಿಕಾದ ಕ್ಸೆನೋಪಸ್‌ಗೆ ನಾಲಿಗೆಯೇ ಇಲ್ಲ. ವಾಸನೆಯಿಂದಲೂ ನೀರಿನ ಅಲುಗಾಟವನ್ನು ಗ್ರಹಿಸುವ ಪಕ್ಕೆಯ ಅಂಗಗಳಿಂದಲೂ ಆಹಾರ ಗುರುತಿಸಿ, ಮುಂಗಾಲಿನಿಂದ ಬಾಯಿಗೆ ತುರುಕಿಕೊಳ್ಳುತ್ತದೆ. 1930ರ ದಶಕದಲ್ಲಿ ಗರ್ಭಪರೀಕ್ಷೆಗೆಂದು ಅದನ್ನು ಸಾಕತೊಡಗಿದ ಮೇಲೆ ಕತ್ತರಿಸಿದ ಲಿವರ್ ತಿಂದು, ಈಗ ಕಾರ್ಖಾನೆಯ ಗುಳಿಗೆ ತಿಂದು, ವರ್ಷಗಟ್ಟಲೆ ಬದುಕುತ್ತಿದೆ.

ಈ ವಾಕ್ಯದ ಮೇಲೆ ಇಷ್ಟು ಹಾಯುವುದೇಕೆ? ಪ್ರಯೋಗಾಲಯದ ಕಪ್ಪೆಗೆ ಊಟ ಹಾಕದಿರುವುದಕ್ಕೆ ಅದು ನೆಪವಾಗಿ ಒದಗಿತು ಎಂಬುದಕ್ಕಾಗಿ. (ನೆಪ ಎಂದಿದ್ದೇನೆ, ಕಾರಣ ಎಂದಿಲ್ಲ. ಉಪವಾಸದ ರೂಢಿ ಅದಕ್ಕಿಂತ ಬಹಳ ಹಳೆಯದು.) ಯೂರೋಪಿನ ಹತ್ತೊಂಬತ್ತನೆಯ ಶತಮಾನದ ಪ್ರಯೋಗಾಲಯಗಳು ಚಳಿಗಾಲದ ಕಪ್ಪೆಗಳನ್ನು ತಣ್ಣನೆಯ ನೆಲಮಾಳಿಗೆಯಲ್ಲಿ ಆಹಾರವಿಲ್ಲದೆ ಇಡುತ್ತಿದ್ದವು. ಅಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಆ ತಂಪಿನಲ್ಲಿ ದೇಹದ ಖರ್ಚೇ ಅತ್ಯಲ್ಪ. ಬೆಚ್ಚಗಿನ ಕೋಣೆಗೆ ತಂದರೆ ಲೆಕ್ಕ ತಲೆಕೆಳಗು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಪ್ಪೆ ಸಾಕಣೆಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ ಜಾರ್ಜ್ ನೇಸ್ ಮತ್ತು ಅವರ ಸಹಲೇಖಕರು 1971ರಲ್ಲಿ, ಜೀವಂತವೆಂದು ಮಾರುವ ಕಪ್ಪೆ ಅರೆಸತ್ತದ್ದೇ ಎಂದು ಸಾರುವ ತಲೆಬರಹದಲ್ಲೇ ಇದನ್ನು ಬಯಲಿಗೆಳೆದರು. ಸರಬರಾಜುದಾರರ ತೊಟ್ಟಿಯಲ್ಲಿ ಬಡಕಲಾದ, ರೋಗ ಹತ್ತಿದ ಕಪ್ಪೆಯ ಮೇಲೆ ಪ್ರಯೋಗ ಮಾಡಿ, ಅದನ್ನೇ ಆರೋಗ್ಯವಂತ ಕಪ್ಪೆಯ ಅಂಗಕ್ರಿಯೆ ಎಂದು ಬರೆದುಕೊಳ್ಳುವ ಪರಿಪಾಠ ಅವರ ದೂರಾಗಿತ್ತು. ಇಂಥ ಕಪ್ಪೆಗಳಿಗೆ ತಗಲುವ ಕೆಂಗಾಲು ರೋಗವನ್ನು ಎಮರ್ಸನ್ ಮತ್ತು ನಾರಿಸ್ 1905ರಲ್ಲೇ ವಿವರಿಸಿದ್ದರು. ಹೊಟ್ಟೆ ತುಂಬಿಸಿದರೂ ಸಮಸ್ಯೆ ಮುಗಿಯುವುದಿಲ್ಲ. ಸಾಕಿದ ಮಿಡತೆ, ಹುಳುಗಳಲ್ಲಿ ರಂಜಕಕ್ಕೆ ಹೋಲಿಸಿದರೆ ಸುಣ್ಣದ ಅಂಶ ಕಡಿಮೆ. ಅವನ್ನಷ್ಟೇ ತಿಂದ ಕಪ್ಪೆಯ ಮೂಳೆ ಮೆತ್ತಗಾಗುತ್ತದೆ. ಎ ಜೀವಸತ್ವ ಸಾಲದಾದರೆ ನಾಲಿಗೆಯ ಒಳಪದರವೇ ಕೆಟ್ಟು, ಎದುರಿಗಿರುವ ಹುಳುವೂ ನಾಲಿಗೆಗೆ ಅಂಟದೆ ಜಾರುತ್ತದೆ.

ನಮ್ಮಲ್ಲಿ ಆಹಾರವನ್ನೇ ಪ್ರಶ್ನೆಯಾಗಿ ಎತ್ತಿಕೊಂಡ ಕೀರ್ತಿ ಧಾರವಾಡದ್ದು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಅವರ ಬಳಗ ರಾನಾ ಟೈಗ್ರಿನಾ ಕಪ್ಪೆಯ ಸಂತಾನಚಕ್ರದ ಮೇಲೆ ದಶಕಗಳ ಕಾಲ ದುಡಿಯಿತು. ಗಿರೀಶ್ ಮತ್ತು ಸೈದಾಪುರ 2000ದಲ್ಲಿ ಬರೆದ ಲೇಖನ ಆಹಾರದ ಲಭ್ಯತೆ, ಕೊಬ್ಬಿನ ಕಾಯ, ಅಂಡಾಶಯದ ಚಕ್ರ ಈ ಮೂರರ ನಂಟನ್ನು ಒಟ್ಟಿಗೆ ಪರೀಕ್ಷಿಸಿತು. ಕಪ್ಪೆಯ ಉದರದಲ್ಲಿ ಕೈಬೆರಳಿನಂತೆ ಕವಲೊಡೆದ ಹಳದಿ ಕೊಬ್ಬಿನ ಕಾಯವನ್ನು ಡಿಸೆಕ್ಷನ್ ಮಾಡಿದವರೆಲ್ಲ ಕಂಡಿದ್ದಾರೆ. ಅದನ್ನು ಊಟದ ಲೆಕ್ಕದ ಜೊತೆಗಿಟ್ಟು ನೋಡಿದವರು ಕಡಿಮೆ. ತತ್ತಿಗಳ ಸಂಖ್ಯೆ ಹಾರ್ಮೋನಿನ ಫಲವೋ ಊಟದ ಫಲವೋ ಎಂದು ಬೇರ್ಪಡಿಸದೆ ಬರೆದ ಹಳೆಯ ಪ್ರಬಂಧಗಳನ್ನು ಈ ಲೇಖನ ಪಕ್ಕದಲ್ಲಿಟ್ಟುಕೊಂಡೇ ಓದಬೇಕು. ಅದೇ ಬಳಗ ಹಲವು ಜಾತಿಯ ಗೊದಮೊಟ್ಟೆಗಳನ್ನು ಬೇಯಿಸಿದ ಪಾಲಕ್ ಸೊಪ್ಪಿನ ಮೇಲೆ ಬೆಳೆಸಿತು. ಟೈಗ್ರಿನಾದ ಗೊದಮೊಟ್ಟೆಗಳೋ ಬೇರೆ ಗೊದಮೊಟ್ಟೆಗಳನ್ನೇ ಬೇಟೆಯಾಡುತ್ತವೆ. ಒಂದೇ ಕೋಣೆಯ ಎರಡು ತೊಟ್ಟಿಗಳಿಗೆ ಒಂದೇ ಪಥ್ಯ ಸಲ್ಲದು. ಧಾರವಾಡದ ಕಡೆಗೆ ನನಗೆ ಒಲವಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ನಿರಾಕರಿಸುವುದಿಲ್ಲ. ದಾಖಲೆಯೂ ಅದರ ಪರವಾಗಿಯೇ ಇದೆ.

ಕಪ್ಪೆಯ ಊಟದ ಈ ಪ್ರಶ್ನೆ ಈಗ ಆಂಧ್ರದಲ್ಲಿರುವ ಆದೋನಿ, ಆಲೂರು, ಎಮ್ಮಿಗನೂರು ಸೀಮೆಗೆ ಬಂದಾಗ ಇನ್ನಷ್ಟು ತೊಡಕಾಗುತ್ತದೆ. ವರ್ಷಕ್ಕೆ 600–700 ಮಿಲಿಮೀಟರ್ ಮಳೆಯ ಎರೆಭೂಮಿ ಇದು. ಇಲ್ಲಿ ಟೈಗ್ರಿನಾ ಮಳೆ ಬಿದ್ದಾಗ ಮೇಲೆದ್ದು, ಗಬಗಬ ತಿಂದು, ತತ್ತಿಯಿಟ್ಟು, ಒಣಗಾಲದಲ್ಲಿ ಮಣ್ಣಿನೊಳಗೆ ಸೇರಿಬಿಡುತ್ತದೆ. ಹಾಗಾಗಿ ಇಲ್ಲಿನ ಕಪ್ಪೆಗೆ ಉಪವಾಸ ಹೊಸದಲ್ಲ ಎಂದು ಒಬ್ಬರು ವಾದಿಸಬಹುದು, ವಾದಿಸಿಯೂ ಇದ್ದಾರೆ. ಆದರೆ ಮಣ್ಣಿನ ತಂಪಿನಲ್ಲಿ, ತಾನೇ ಕೂಡಿಟ್ಟ ಕೊಬ್ಬನ್ನು ಅಳತೆಯಿಂದ ಕರಗಿಸುತ್ತ ಮಲಗುವುದು ಬೇರೆ. ಏಪ್ರಿಲ್ ತಿಂಗಳ ಬಿಸಿಲಿಗೆ ಕಾದ ಸಿಮೆಂಟ್ ತೊಟ್ಟಿಯಲ್ಲಿ ಎಚ್ಚರವಾಗಿ ಕೂತು ಒಣಗುವುದು ಬೇರೆ. ಸೆಪ್ಟೆಂಬರ್‌ನಲ್ಲಿ ಹಿಡಿದ ಕಪ್ಪೆಯ ಕೊಬ್ಬಿನ ಕಾಯವನ್ನೂ ಬೇಸಗೆಯ ಕಪ್ಪೆಯದನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿದರೆ ಬರುವ ಸರಾಸರಿಗೆ ಅರ್ಥವಿಲ್ಲ. ಇದಕ್ಕೆ ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನೂ ಸೇರಿಸಬೇಕು. ಕಾಲುವೆ ನೀರು ನಿಲ್ಲುವ ಗದ್ದೆಯ ಕಪ್ಪೆಯೂ ಮಳೆಯನ್ನೇ ನಂಬಿದ ಹತ್ತಿ ಹೊಲದ ಕಪ್ಪೆಯೂ ಒಂದೇ ಊಟ ಉಂಡಿರುವುದಿಲ್ಲ.

ಪ್ರಯೋಗಾಲಯದ ಕಪ್ಪೆಯ ಊಟದ ಇತಿಹಾಸ ಬರೆಯಲು ಬೇಕಾದ ಆಕರ ಅಚ್ಚಾದ ಲೇಖನಗಳಲ್ಲಿ ಅರ್ಧದಷ್ಟೂ ಇಲ್ಲ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು ತಾಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಅಲ್ಲಿಂದೀಚೆಗೆ ಇಲ್ಲಿನ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೈಕೆಳಗೆ ಬಂದವು, ಪಠ್ಯಕ್ರಮಗಳೂ ಬದಲಾದವು. ಆದರೆ ಕಪ್ಪೆ ತರಿಸಿದ ದಾಸ್ತಾನು ಪುಸ್ತಕ, ವಿದ್ಯಾರ್ಥಿಗಳ ಪ್ರಾಕ್ಟಿಕಲ್ ರೆಕಾರ್ಡು ಎಲ್ಲ ಕಡೆಯೂ ಬರೆಸುತ್ತಿದ್ದರು. ಯುಜಿಸಿ 2011ರಲ್ಲಿ ಡಿಸೆಕ್ಷನ್ ಕೈಬಿಡುತ್ತ ಹೋಗಲು ಮಾರ್ಗಸೂಚಿ ಹೊರಡಿಸಿದ ಮೇಲೆ ಇವು ಯಾರಿಗೂ ಬೇಡವಾಗಿವೆ. ಯಾವ ತಿಂಗಳಲ್ಲಿ, ಎಷ್ಟು ಕಪ್ಪೆ, ಯಾವ ಕಡೆಯಿಂದ, ತೊಟ್ಟಿಯಲ್ಲಿ ಎಷ್ಟು ದಿನ ಎಂಬುದಕ್ಕೆ ಈ ಭಾಗದಲ್ಲಿ ಉಳಿದಿರುವ ಲಿಖಿತ ಸಾಕ್ಷ್ಯ ಅವೇ. ಪ್ರಾಣಿಶಾಸ್ತ್ರ ವಿಭಾಗಗಳಲ್ಲಿರುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಆ ಕಟ್ಟುಗಳನ್ನು ರದ್ದಿಗೆ ಹಾಕುವ ಮುನ್ನ, ಕಪ್ಪೆಯ ಹೆಸರಿರುವ ಪುಟಗಳನ್ನಾದರೂ ತೆಗೆದಿರಿಸಿ.