ಟೇಪ್ ಧ್ವನಿಮುದ್ರಣ

ಟೇಪ್ ಧ್ವನಿಮುದ್ರಣವು ಕಬ್ಬಿಣದ ಆಕ್ಸೈಡ್ ಲೇಪಿತ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಧ್ವನಿಯನ್ನು ಕಾಂತೀಯ ರೂಪದಲ್ಲಿ ದಾಖಲಿಸುವ ಅನಲಾಗ್ ವಿಧಾನ. ಡಿಜಿಟಲ್ ತಂತ್ರಜ್ಞಾನಕ್ಕೆ ಮೊದಲು ಬಾನುಲಿ ಕೇಂದ್ರಗಳು ಸಂಗೀತವನ್ನು ಹೀಗೆ ಸಂಗ್ರಹಿಸುತ್ತಿದ್ದವು.

ಉತ್ತರ ಕರ್ನಾಟಕದಲ್ಲಿ
ಧಾರವಾಡ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರ ಅವರು ಅದರ ಸಂಗೀತ ಸಲಹೆಗಾರರಾಗಿದ್ದರು.

ಕಾರ್ಯವಿಧಾನ
ಮೈಕ್ರೊಫೋನಿನ ಸಂಕೇತವು ರೆಕಾರ್ಡಿಂಗ್ ಹೆಡ್‌ನಲ್ಲಿ ಕಾಂತಕ್ಷೇತ್ರವಾಗಿ ಮಾರ್ಪಟ್ಟು, ಚಲಿಸುವ ಟೇಪನ್ನು ಕಾಂತೀಕರಿಸುತ್ತದೆ. 1,200 ಅಡಿಯ ಟೇಪ್ ಸೆಕೆಂಡಿಗೆ 7.5 ಅಂಗುಲ ವೇಗದಲ್ಲಿ 32 ನಿಮಿಷ ಓಡುತ್ತದೆ. 15 ಅಂಗುಲ ವೇಗದಲ್ಲಿ ಧ್ವನಿ ಇನ್ನಷ್ಟು ಸ್ಪಷ್ಟವಾದರೂ ಅವಧಿ 16 ನಿಮಿಷಕ್ಕೆ ಇಳಿಯುತ್ತದೆ.

ನಿರ್ವಹಣೆ
ಟೇಪಿನಿಂದ ಉದುರಿದ ಪುಡಿ ಹೆಡ್‌ಗೆ ಅಂಟಿದರೆ ಧ್ವನಿ ಮಂಕಾಗುತ್ತದೆ. ಆದ್ದರಿಂದ ಹೆಡ್‌ಅನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಲಾಗುತ್ತದೆ. ಹೆಡ್‌ನಲ್ಲಿ ಉಳಿದ ಕಾಂತತ್ವವನ್ನು ಆಗಾಗ್ಗೆ ತೆಗೆಯದಿದ್ದರೆ ಗೊರಗೊರ ಸದ್ದು ಹೆಚ್ಚುತ್ತದೆ. ಟೇಪನ್ನು ಎಳೆಯುವ ರಬ್ಬರ್ ರೋಲರ್ ಸವೆದರೆ ವೇಗ ಏರುಪೇರಾಗಿ ಶ್ರುತಿ ಅಲುಗುತ್ತದೆ. ತಂಬೂರಿಯ ನಿರಂತರ ನಾದದಲ್ಲಿ ಈ ದೋಷ ಬೇಗನೆ ಗೊತ್ತಾಗುತ್ತದೆ.

ಸಂರಕ್ಷಣೆ
ತೇವಾಂಶದಿಂದ ಕೆಲವು ಟೇಪುಗಳ ಅಂಟು ಹಾಳಾಗಿ ಲೇಪನ ಕಿತ್ತುಬರುತ್ತದೆ. ಆದ್ದರಿಂದ ಅವುಗಳನ್ನು ತಂಪಾದ, ಒಣ ಕೋಣೆಯಲ್ಲಿಟ್ಟು ಡಿಜಿಟಲ್ ಪ್ರತಿ ಮಾಡಲಾಗುತ್ತದೆ. ಟೇಪ್ ಸುಸ್ಥಿತಿಯಲ್ಲಿದ್ದರೂ ನುಡಿಸುವ ಯಂತ್ರವಿಲ್ಲದಿದ್ದರೆ ಅದರಲ್ಲಿನ ಸಂಗೀತವನ್ನು ಕೇಳಲಾಗದು. ಹೀಗಾಗಿ ಹಳೆಯ ಯಂತ್ರಗಳ ದುರಸ್ತಿಯೂ ಸಂರಕ್ಷಣೆಯ ಭಾಗವಾಗಿದೆ.